ಎದೆಗೆ ಅಂಟಿಸುವ ಇಸಿಜಿ ಪಟ್ಟಿ ನಡೆಯುವಾಗ ಯಾಕೆ ತಪ್ಪು ತೋರಿಸುತ್ತೆ?

ಸಿಲಿಕೋನ್ ಪಟ್ಟಿಯ ಮೇಲೆ ಇಸಿಜಿ, ಅಂದರೆ ಹೃದಯದ ವಿದ್ಯುತ್ ಸಿಗ್ನಲ್ ಹಿಡಿಯುವ ಸೆನ್ಸರ್ ಮಾಡಿದ್ದೀರಿ, ಕೂತಾಗ ಗೆರೆ ಚೆನ್ನಾಗಿದೆ, ನಡೆದರೆ ಕಲಸಿಹೋಗುತ್ತೆ, ಯಾವ ಫಿಲ್ಟರ್ ಹಾಕಬೇಕು ಅಂತ ಕೇಳಿದ್ದೀರಿ. ಫಿಲ್ಟರ್ ಆಮೇಲೆ. ಮೊದಲು ಒಂದು ಪರೀಕ್ಷೆ ಮಾಡಿ: ಅಲುಗಾಡದೆ ಕೂತು, ಎಲೆಕ್ಟ್ರೋಡ್ (ಚರ್ಮಕ್ಕೆ ತಾಗಿ ಸಿಗ್ನಲ್ ಹಿಡಿಯುವ ಭಾಗ) ಪಕ್ಕದ ಚರ್ಮವನ್ನು ಬೆರಳಿಂದ ಮೆಲ್ಲಗೆ ಎಳೆಯಿರಿ. ಗೆರೆ ಮೇಲೆ ಕೆಳಗೆ ಹಾರಿದರೆ ಕಾರಣ ಅಲ್ಲೇ ಇದೆ.

ಚರ್ಮದ ಮೇಲೆ ಸಿಗುವ ಇಸಿಜಿ ಸುಮಾರು 1 ಮಿಲಿವೋಲ್ಟ್. ಚರ್ಮದ ಒಳಪದರ, ಹೊರಪದರಗಳ ನಡುವೆ ಅದರದ್ದೇ ಒಂದು ವೋಲ್ಟೇಜ್ ಇರುತ್ತೆ. ಚರ್ಮ ಹಿಗ್ಗಿದಾಗ ಅದು ಕೆಲವು ಮಿಲಿವೋಲ್ಟ್ ಬದಲಾಗಬಹುದು, ಅಂದರೆ ಹೃದಯದ ಸಿಗ್ನಲ್‌ಗಿಂತ ದೊಡ್ಡದು. 1977ರಲ್ಲೇ ಟ್ಯಾಮ್ ಮತ್ತು ವೆಬ್‌ಸ್ಟರ್ ಅನ್ನೋ ಸಂಶೋಧಕರು, ಚರ್ಮವನ್ನು ತುಸು ಉಜ್ಜಿದರೆ ಈ ತೊಂದರೆ ತಗ್ಗುತ್ತೆ ಅಂತ ತೋರಿಸಿದ್ದರು. ಆದರೆ ದಿನಗಟ್ಟಲೆ ಹಾಕಿಕೊಳ್ಳುವ ಪಟ್ಟಿಗೆ ಜೋರಾಗಿ ಉಜ್ಜಬೇಡಿ, ಚರ್ಮ ಕೆಂಪಾಗಿ ಉರಿಯುತ್ತೆ.

ಫಿಲ್ಟರ್ ಒಂದರಿಂದಲೇ ಯಾಕಾಗಲ್ಲ ಅಂದರೆ, ನಾವು ಸೆಕೆಂಡಿಗೆ ಎರಡು ಹೆಜ್ಜೆ ಹಾಕುತ್ತೇವೆ, ಹೃದಯವೂ ಸೆಕೆಂಡಿಗೆ ಒಂದೆರಡು ಸಲ ಬಡಿಯುತ್ತೆ. ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಬಂದು ಕೂರುತ್ತವೆ. ಆ ಫ್ರೀಕ್ವೆನ್ಸಿಗೆ ಕತ್ತರಿ ಹಾಕಿದರೆ ಟಿ ಅಲೆಯ (ಪ್ರತಿ ಬಡಿತದ ಕೊನೆಗೆ ಬರುವ ಸಣ್ಣ ಉಬ್ಬು) ಆಕಾರವೂ ಹೋಗುತ್ತೆ.

ನಾನೂ ವಾರಗಟ್ಟಲೆ ಕೋಡ್ ತಿದ್ದಿದ್ದೆ. ಕೊನೆಗೆ ಒಂದು ಸಂಜೆ, ನಡೆಯುತ್ತಿದ್ದ ಗೆಳೆಯನ ಎದೆಯ ಪಟ್ಟಿಯನ್ನು ಹತ್ತಿರದಿಂದ ನೋಡಿದೆ. ಪ್ರತಿ ಹೆಜ್ಜೆಗೂ ವೈರು ಜಗ್ಗಿ, ಪಟ್ಟಿಯ ಅಂಚು ಕೂದಲೆಳೆಯಷ್ಟು ಏಳುತ್ತಿತ್ತು. ಮೆತ್ತನೆಯ ಸಿಲಿಕೋನು ಗಟ್ಟಿ ಸರ್ಕ್ಯೂಟ್ ಬೋರ್ಡಿಗೆ ಸೇರುವ ಜಾಗದಲ್ಲೇ ಎಳೆತವೆಲ್ಲ ಬಂದು ನಿಲ್ಲುತ್ತಿತ್ತು. ವೈರನ್ನು ಒಂದು ಸುತ್ತು ಸಡಿಲ ಬಿಟ್ಟು ಚರ್ಮಕ್ಕೇ ಟೇಪ್ ಹಾಕಿದ ಮೇಲೆ ಗೆರೆ ಎಷ್ಟೋ ನಿಂತಿತು. ಪಟ್ಟಿಯ ತಾಮ್ರದ ಗೆರೆಗಳನ್ನೂ ನೇರ ಎಳೆಯಬೇಡಿ. ಹಾವಿನ ಹಾಗೆ ಬಳುಕಿಸಿದರೆ ಹಿಗ್ಗಿದಾಗ ಲೋಹ ಸುಲಭವಾಗಿ ಬಿರುಕು ಬಿಡಲ್ಲ. 2011ರಲ್ಲಿ ವಿಜ್ಞಾನಿ ಜಾನ್ ರಾಜರ್ಸ್ ತಂಡ ಮಾಡಿದ ಚರ್ಮದಂಥ ಎಲೆಕ್ಟ್ರಾನಿಕ್ಸ್‌ನಲ್ಲೂ ಇದೇ ಬಳುಕು ಇತ್ತು.

ಕೂತಾಗಲೂ 50 ಹರ್ಟ್ಸ್ ಗದ್ದಲ (ಮನೆಯ ಕರೆಂಟಿನಿಂದ ಬರುವುದು) ದಪ್ಪಗಿದ್ದರೆ ಎರಡು ಎಲೆಕ್ಟ್ರೋಡ್‌ಗಳಲ್ಲಿ ಒಂದು ಸರಿಯಾಗಿ ಕೂತಿಲ್ಲ ಅನ್ನುವ ಅನುಮಾನ ಬರಬೇಕು. ಒಣ ಎಲೆಕ್ಟ್ರೋಡ್‌ಗಳಲ್ಲಿ ಇದು ಸಾಮಾನ್ಯ. ಸ್ವಲ್ಪ ಬೆವರಿದ ಮೇಲೆ ಸುಧಾರಿಸುತ್ತೆ, ಜಾಸ್ತಿ ಬೆವರಿದರೆ ಅಂಟೇ ಬಿಟ್ಟುಹೋಗುತ್ತೆ. ಹೈಡ್ರೋಜೆಲ್ (ನೀರಿನಂಶವಿರುವ ಜೆಲ್) ಹಾಕಿ ಒಮ್ಮೆ ಹೋಲಿಸಿ ನೋಡಿ.

ಇಷ್ಟಾದ ಮೇಲೆ ಪಟ್ಟಿಯ ಮೇಲೇ, ಎಲೆಕ್ಟ್ರೋಡ್ ಹತ್ತಿರ, ಅಲುಗಾಟ ಅಳೆಯುವ ಒಂದು ಆಕ್ಸೆಲೆರೋಮೀಟರ್ ಕೂರಿಸಿ, ಆ ಅಲುಗಾಟವನ್ನು ನೋಡಿಕೊಂಡು ಗೆರೆಯಿಂದ ಅದರ ಪಾಲನ್ನು ಕಳೆಯುವ ಅಡಾಪ್ಟಿವ್ ಫಿಲ್ಟರ್ ಪ್ರಯತ್ನಿಸಿ.

ನಿಖರತೆ ಅಳೆಯುವಾಗ ದಯವಿಟ್ಟು ಸರಾಸರಿ ಹೃದಯಬಡಿತ ಮಾತ್ರ ನೋಡಬೇಡಿ. ಒಂದು ಬಡಿತ ತಪ್ಪಿ, ಇನ್ನೊಂದು ಸುಳ್ಳು ಬಡಿತ ಸೇರಿದರೆ ಸರಾಸರಿ ಸರಿಯಾಗೇ ಕಾಣುತ್ತೆ. ಮಾಮೂಲಿ ಜೆಲ್ ಎಲೆಕ್ಟ್ರೋಡ್ ಇರುವ ಹೋಲ್ಟರ್ (ಮೈಮೇಲೆ ಹಾಕಿಕೊಂಡೇ ಓಡಾಡುವ ಇಸಿಜಿ ರೆಕಾರ್ಡರ್) ಅನ್ನೂ ಜೊತೆಗೇ ಹಾಕಿ, ಒಂದೊಂದು ಬಡಿತವನ್ನೂ ಪಕ್ಕದಲ್ಲಿಟ್ಟು ಎಣಿಸಿ. ಎದೆಯಲ್ಲಿ ಕೂದಲಿರುವವರು, ವಯಸ್ಸಾಗಿ ಚರ್ಮ ಸಡಿಲವಾದವರು, ಮೆಟ್ಟಿಲು ಹತ್ತಿ ಬೆವರಿದವರು, ಎಲ್ಲರ ಮೇಲೂ ನೋಡಿ. ಚರ್ಮ ಎಳೆದ ಪರೀಕ್ಷೆಯಲ್ಲಿ ಏನು ಬಂತು ಅಂತ ಕಾಮೆಂಟಿನಲ್ಲಿ ಹಾಕಿ, ಮುಂದಿನದು ಅದರ ಮೇಲೆ ಹೇಳ್ತೀನಿ.