ಈ ‘ಬಹುದು’ ಯಾವ ಬಹುದು?

ಪ್ರಿಯ ಲೇಖಕರೇ,

‘ಚುಕ್ಕಾಣಿ ಹೋದ ವಿಮಾನ ಎಲ್ಲಿಗೆ ತಲುಪೀತು?’ ಎಂಬ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ಎರಡು ದಿನದಿಂದ ನನ್ನನ್ನು ಕಾಡುತ್ತಿವೆ.

1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ ಸಿಡಿದು ದ್ರವದ ಒತ್ತಡದಿಂದ ಚುಕ್ಕಾಣಿಯನ್ನು ಆಡಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದುದನ್ನು ಹೇಳಿ, ವಿಮಾನ ಎಲ್ಲೆಲ್ಲಿಗೆ ಹೋದೀತು ಎಂಬ ವಲಯವನ್ನು ಅಂದಾಜು ಮಾಡಿ, ಹೀಗೆ ಬರೆದಿದ್ದೀರಿ: ‘ಉಳಿದೆರಡು ಎಂಜಿನ್‌ಗಳಿಂದಲೇ ವಿಮಾನ ಈ ವಲಯದ ಯಾವ ಬಿಂದುವನ್ನಾದರೂ ತಲುಪಬಹುದು. ಅಂದಾಜು ತುಸು ದೊಡ್ಡದಾದರೂ ಚಿಂತೆಯಿಲ್ಲ.’

ತಲುಪಿದರೂ ತಲುಪೀತು ಎಂದೋ, ತಲುಪಬಲ್ಲದು ಎಂದೋ? ನಿಮ್ಮ ವಿಷಯದ ಜೀವ ಇರುವುದೇ ಈ ಅಂತರದಲ್ಲಿ. ವೇಗ, ಎತ್ತರ ಬದಲಾದಂತೆ ಅದೇ ಥ್ರಾಟಲ್‌ಗೆ (ಎಂಜಿನ್‌ನ ಬಲ ಏರಿಸಿ ಇಳಿಸುವ ಹಿಡಿಗೆ) ವಿಮಾನ ಬೇರೆಯಾಗಿ ಸ್ಪಂದಿಸುತ್ತದೆ. ವಲಯದ ಗಡಿಯನ್ನು ಕರಾರುವಾಕ್ಕಾಗಿ ಎಳೆಯಲಾಗದು. ಹಾಗಾಗಿ ಎರಡು ಬೇಲಿ ಬೇಕು. ಹೊರಬೇಲಿಯನ್ನು ವಿಮಾನ ದಾಟದು. ಗುಡ್ಡಕ್ಕೆ ಬಡಿದೀತೇ ಎಂದು ನೋಡುವಾಗ ಅದು ದೊಡ್ಡದಿದ್ದರೆ ಒಳಿತೇ. ಇಳಿಯುವ ಜಾಗ ಆರಿಸಲು ಒಳಬೇಲಿ ಬೇಕು: ಅದರೊಳಗಿನ ಪ್ರತಿ ಬಿಂದುವಿಗೂ ದಾರಿ ಇದ್ದೇ ಇರಬೇಕು. ಅದು ನಿಜವಾದ ವಲಯದಿಂದ ಕೂದಲೆಳೆಯಷ್ಟು ಹೊರಚಾಚಿದರೂ ಖಾತ್ರಿ ಸುಳ್ಳಾಗುತ್ತದೆ. ‘ಚಿಂತೆಯಿಲ್ಲ’ ಎಂಬ ಮಾತನ್ನು ನಾನು ಅಚ್ಚು ಹಾಕಲಾರೆ.

ಆ ವಿಮಾನ ಇಳಿಯಲು ಹೊರಟ ಸೂ ಸಿಟಿ ನಿಲ್ದಾಣದಲ್ಲಿ 31ನೇ ರನ್‌ವೇ ಸಿದ್ಧವಾಗಿತ್ತು. ವಿಮಾನ ಬಹುತೇಕ ಬಲಕ್ಕೇ ತಿರುಗುತ್ತಿತ್ತು. ಕೊನೆಗೆ ಎದುರಾದದ್ದು ಮುಚ್ಚಿದ್ದ 22ನೇ ರನ್‌ವೇ. ಅಲ್ಲಿ ಕಾದು ನಿಂತಿದ್ದ ಅಗ್ನಿಶಾಮಕ ವಾಹನಗಳನ್ನು ಆತುರಾತುರವಾಗಿ ಸರಿಸಬೇಕಾಯಿತು. 296 ಮಂದಿಯಲ್ಲಿ 184 ಮಂದಿ ಬದುಕುಳಿದರು. ಒಂದೇ ನಿಲ್ದಾಣದಲ್ಲಿದ್ದ ಎರಡು ರನ್‌ವೇಗಳಲ್ಲಿ ಒಂದು ಕೈಗೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಇದನ್ನೇ ನೀವು ಬಿಟ್ಟಿದ್ದೀರಿ!

ನಾನು ಪತ್ರಿಕೆಗೆ ಸೇರಿದ ಮೊದಲ ಮಳೆಗಾಲದಲ್ಲಿ ‘ಲಘು ವಾಹನಗಳು ಸೇತುವೆ ದಾಟಬಹುದು’ ಎಂದು ಪ್ರವಾಹದ ಸುದ್ದಿ ಬರೆದೆ. ಹಿರಿಯ ಉಪಸಂಪಾದಕರು ಆ ಪದದ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, ‘ದಾಟಲು ಅನುಮತಿ ಇದೆಯೋ, ಸೇತುವೆ ತಡೆಯುತ್ತದೆಯೋ? ಎಂಜಿನಿಯರನ್ನು ಕೇಳಿದೆಯಾ?’ ಎಂದರು. ಕೇಳಿರಲಿಲ್ಲ. ಅವರು ಫೋನನ್ನು ನನ್ನತ್ತ ತಳ್ಳಿದರು. ಅತ್ತ ಕಡೆಯ ಎಂಜಿನಿಯರು, ‘ಕಂಬದ ಬುಡ ಇನ್ನೂ ನೋಡಿಲ್ಲ, ಯಾರನ್ನೂ ಕಳಿಸಬೇಡಿ’ ಎಂದರು. ಕೈ ನಡುಗಿದ್ದು ಈಗಲೂ ನೆನಪಿದೆ.

ನಿಮ್ಮ ಪ್ರತಿಯಲ್ಲಿ ಹದಿನಾಲ್ಕು ‘ಬಹುದು’ಗಳಿವೆ, ಪ್ರತಿಯೊಂದಕ್ಕೂ ಗುರುತು ಹಾಕಿದ್ದೇನೆ. ಒಂದೊಂದರ ಪಕ್ಕದಲ್ಲೂ ಅದು ಒಳಬೇಲಿಯೋ ಹೊರಬೇಲಿಯೋ ಬರೆದು, 22ನೇ ರನ್‌ವೇಯ ಕಥೆ ಸೇರಿಸಿ ಮತ್ತೆ ಕಳುಹಿಸಿ. ಕಾಯುತ್ತಿರುತ್ತೇನೆ.

ಸಂಪಾದಕ