ಪಾರ್ಲರ್ ಹುಡುಗಿಯ ಕೈ ತುರಿಕೆ

ಪ್ರಶ್ನೆ: ಶಿರಾದಲ್ಲಿ ಸಣ್ಣ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಕೆಲಸ ಕಲಿಯಲು ಬರುವ ಹುಡುಗಿಗೆ ನಾಲ್ಕೇ ತಿಂಗಳಲ್ಲಿ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿದೆ, ಚರ್ಮ ಸುಲಿಯುತ್ತಿದೆ. ‘ಕೈ ಪಳಗಿದರೆ ಸರಿಹೋಗುತ್ತೆ’ ಅಂದಿದ್ದೆ. ಹೋಗಲಿಲ್ಲ. ಕೆಲಸ ಬಿಡಿಸಬೇಕಾ ಮೇಡಂ?

ಉತ್ತರ: ಕೈ ಪಳಗುತ್ತೆ ಅಂತ ನನಗೂ ಹೇಳಿದ್ದರು. ಮೂರು ವರ್ಷ ಕಾದೆ. ಕೊನೆಗೆ ಸಾರನ್ನ ಕಲಸಿದರೂ ಬೆರಳು ಉರಿದು, ಊಟಕ್ಕೆ ಚಮಚ ಹಿಡಿದೆ. ಡಾಕ್ಟರ್ ಹತ್ತಿರ ಹೋದದ್ದು ಆಮೇಲೆ. ಈಗ ನಾನೇ ಈ ಕೆಲಸ ಕಲಿಸುತ್ತೇನೆ. ಮೊದಲ ದಿನ ಕತ್ತರಿ ಮುಟ್ಟಿಸುವುದಿಲ್ಲ, ಗ್ಲೌಸ್ ಕೊಡುತ್ತೇನೆ.

ತಲೆ ತೊಳೆಯುವ ಕೆಲಸವೆಲ್ಲ ಕಲಿಯುವವರ ಪಾಲಿಗೇ ತಾನೇ? ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೈ ಒದ್ದೆಯಾಗಿದ್ದರೆ ಚರ್ಮದ ಜಿಡ್ಡು ಹೋಗಿ ಬಿರುಕು ಬಿಡುತ್ತದೆ. ಹೇರ್ ಡೈನಲ್ಲಿರುವ ಪಿಪಿಡಿ, ಬ್ಲೀಚ್ ಪುಡಿಯ ಪರ್ಸಲ್ಫೇಟ್ ಎಂಬ ರಾಸಾಯನಿಕಗಳು ಅಲ್ಲಿಂದ ಒಳಗಿಳಿದು ಅಲರ್ಜಿ ತರಬಹುದು. ಆ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ.

ಗ್ಲೌಸ್ ಇದೆ ಅಂತೀರೇನೋ. ತೊಳೆದು ಕಿಟಕಿ ಸರಳಿಗೆ ಸಿಕ್ಕಿಸಿರುತ್ತೀರಿ, ಅಲ್ವಾ? ಅದರೊಳಗೆ ಒಂದು ಹನಿ ಡೈ ಇದ್ದರೂ ಸಾಕು, ಮತ್ತೆ ಹಾಕಿಕೊಂಡರೆ ಕೈಗೆ ಡೈ ಪಟ್ಟು ಕಟ್ಟಿದ ಹಾಗೆ. ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ತನ್ನಿ, ಒಂದು ಸಲ ಬಳಸಿ ಎಸೆಯಿರಿ. ಬಿಚ್ಚುವುದನ್ನೂ ಕಲಿಸಬೇಕು. ನನ್ನ ಕ್ಲಾಸಿನಲ್ಲಿ ಗ್ಲೌಸ್ ಮೇಲೆ ಬೀಟ್‌ರೂಟ್ ರಸ ಸವರಿಸುತ್ತೇನೆ. ಮಣಿಕಟ್ಟಿನ ಹತ್ತಿರ ಹೊರಗಡೆಯಿಂದ ಚಿವುಟಿ ಹಿಡಿದು, ಒಳಮೈ ಹೊರಗೆ ಬರುವಂತೆ ಎಳೆಯಬೇಕು. ಕೈಗೆ ಚೂರು ಕೆಂಪು ಅಂಟಿದರೂ ಮತ್ತೆ ಮಾಡಬೇಕು. ಮೊದಲ ದಿನ ಎಲ್ಲರ ಕೈಯೂ ಪಲ್ಯ ಮಾಡಿದ ಹಾಗಿರುತ್ತದೆ!

ಡೈ ಹಚ್ಚುವಾಗ ಗ್ಲೌಸ್, ಆ ಡೈ ತೊಳೆಯುವಾಗ ಬರಿಗೈ. ಈ ತಪ್ಪು ನಾನೂ ಮಾಡಿದ್ದೇನೆ. ಕಟಿಂಗ್ ಇದ್ದರೆ ಡೈಗಿಂತ ಮೊದಲೇ ಮುಗಿಸಿ, ಹೊಸ ಡೈ ಕೂದಲನ್ನು ಬರಿಗೈಯಲ್ಲಿ ಹಿಡಿಯುವುದು ತಪ್ಪುತ್ತದೆ. ಉಂಗುರ ತೆಗೆಸಿ, ಶಾಂಪೂ ನಿಲ್ಲುವುದೇ ಅದರಡಿ. ಕೈ ಒಣಗದಂತೆ ಹಚ್ಚುವ ಕ್ರೀಮಿಗೆ ಸುವಾಸನೆ ಬೇಡ.

ಡೆನ್ಮಾರ್ಕ್‌ನಲ್ಲಿ ಇದನ್ನೆಲ್ಲ ಹೇರ್‌ಡ್ರೆಸ್ಸಿಂಗ್ ಶಾಲೆಯಲ್ಲೇ ಪಾಠ ಮಾಡಿ ನೋಡಿದರು. 2012ರಲ್ಲಿ ಅದರ ಫಲಿತಾಂಶ ಬಂತು. ಪಾಠ ಕೇಳಿದ ಮಕ್ಕಳಲ್ಲಿ ಕೈ ಎಕ್ಸಿಮಾ, ಅಂದರೆ ಇಂಥ ತುರಿಕೆ-ಬಿರುಕಿನ ಚರ್ಮರೋಗ, ಕಡಿಮೆ ಇತ್ತು.

ಕೆಲಸ ಬಿಡಿಸುವ ಮಾತು ಈಗಲೇ ಬೇಡ. ಮೆಡಿಕಲ್ ಶಾಪಿನಿಂದ ಸುಮ್ನೆ ಯಾವುದೋ ಟ್ಯೂಬ್ ತಂದು ಹಚ್ಚಬೇಡಿ. ಚರ್ಮದ ಡಾಕ್ಟರ್‌ಗೆ ತೋರಿಸಿ, ಯಾವುದರಿಂದ ಅಲರ್ಜಿ ಅಂತ ತಿಳಿಸುವ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ, ಬೆನ್ನು ನೆನೆಯಬಾರದು. ನೀವು ಬಳಸುವ ಡೈ, ಬ್ಲೀಚ್ ಪ್ಯಾಕೆಟ್‌ಗಳನ್ನೂ ಕೊಟ್ಟು ಕಳಿಸಿ. ಅಲ್ಲಿಯವರೆಗೆ ತಲೆ ತೊಳೆಯುವುದು ನಿಮ್ಮ ಪಾಲಿಗಿರಲಿ, ಗ್ಲೌಸ್ ಹಾಕಿಕೊಂಡೇ. ಅವಳಿಗೆ ಮದುಮಗಳ ಜಡೆ ಹೆಣೆಯುವುದನ್ನು ಕಲಿಸಿ.