ಮಕ್ಕಳಾದ ಮೇಲೆ ಗರ್ಭಕೋಶ ಯಾಕೆ ಅಂತಾರೆ, ತೆಗೆಸಲೇ?

ಪ್ರಶ್ನೆ: ನನಗೆ 36 ವರ್ಷ. ಇಬ್ಬರು ಮಕ್ಕಳು, ಸಂತಾನಹರಣ ಆಪರೇಷನ್ ಆಗಿದೆ. ಒಂದು ವರ್ಷದಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ. ಸ್ಕ್ಯಾನಿಂಗ್‌ನಲ್ಲಿ ಸಣ್ಣ ಫೈಬ್ರಾಯ್ಡ್ ಗಡ್ಡೆ ಕಂಡಿದೆ. ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗಬಹುದು ಎಂದು ಡಾಕ್ಟರ್ ಹೇಳಿದರು. ಅತ್ತೆ, ಓರಗಿತ್ತಿ ಇಬ್ಬರೂ ತೆಗೆಸಿದ್ದಾರೆ. ಈಗ ಇದು ಅಷ್ಟು ಸಾಮಾನ್ಯವೇ?
- ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ಆಪರೇಷನ್ನಿಗೆ ಈಗಲೇ ದಿನ ಗೊತ್ತು ಮಾಡಬೇಡಿ. ಫೈಬ್ರಾಯ್ಡ್ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಆ ಹೆದರಿಕೆಯಿಂದಲೇ ಎಷ್ಟೋ ಹೆಂಗಸರು ಒಪ್ಪಿಬಿಡುತ್ತಾರೆ, ನನಗೆ ಬಹಳ ಬೇಸರದ ಸಂಗತಿ ಅದು.

ಅಮೆರಿಕದಲ್ಲಿ ಆಸ್ಪತ್ರೆಗೆ ಸೇರಿ ಈ ಆಪರೇಷನ್ ಮಾಡಿಸಿಕೊಂಡವರ ಸಂಖ್ಯೆ 2002ರಿಂದ 2010ರೊಳಗೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಬೇರೆ ಚಿಕಿತ್ಸೆಗಳು ಬಂದದ್ದು ಅದಕ್ಕೆ ಒಂದು ಕಾರಣ. ನಮ್ಮ ದೇಶದಲ್ಲಿ ಇಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿದವರು 2015-16ರಲ್ಲಿ ಶೇ 3.2, 2019-21ರಲ್ಲಿ ಶೇ 3.3. ಪಕ್ಕದ ಆಂಧ್ರದಲ್ಲಿ ಎರಡು ಸಲವೂ ಶೇ 9ರ ಹತ್ತಿರ. ಗಡಿ ದಾಟಿದ ಕೂಡಲೇ ಹೆಂಗಸರ ಮೈ ಬದಲಾಗುವುದಿಲ್ಲ, ಅಲ್ವಾ? ಇಂಥ ಆಪರೇಷನ್‌ಗಳಲ್ಲಿ ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲೇ ಆಗುತ್ತಿವೆ. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶವನ್ನೇ ಕಲಕಿತ್ತು. ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿದೆ.

ನೀವು ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂದು ಕೇಳಿ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆಗಳಿವೆ. ಕಾಪರ್-ಟಿಯಂತೆ ಒಳಗೆ ಹಾಕುವ, ಹಾರ್ಮೋನ್ ಇರುವ ಸಾಧನವೂ ಇದೆ. ಒಮ್ಮೆ ಹಾಕಿದರೆ ಐದು ವರ್ಷ ಕೆಲಸ ಮಾಡುತ್ತದೆ, ಸಣ್ಣ ಗಡ್ಡೆ ಇದ್ದವರಲ್ಲಿ ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಬೇಕಾದರೆ ಗಡ್ಡೆಯನ್ನಷ್ಟೇ ತೆಗೆಯಬಹುದು. ಜಿಲ್ಲಾಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೂ ತೋರಿಸಿ, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ.

ಇದೆಲ್ಲ ಮಾಡಿಯೂ ರಕ್ತ ನಿಲ್ಲದಿದ್ದರೆ, ಅಥವಾ ಕ್ಯಾನ್ಸರ್ ಖಚಿತವಾದರೆ, ಆಪರೇಷನ್ ಸರಿಯಾದ ದಾರಿಯೇ. ಆಗ ಒಂದನ್ನು ಮಾತ್ರ ಕೇಳಲು ಮರೆಯಬೇಡಿ: ಅಂಡಾಶಯ ಉಳಿಸುತ್ತೀರಾ? ಈ ವಯಸ್ಸಿಗೆ ಅದನ್ನೂ ಸುಮ್ನೆ ತೆಗೆದರೆ ಮುಟ್ಟು ನಿಂತವರ ತೊಂದರೆಗಳು ಒಮ್ಮೆಲೇ ಶುರುವಾಗುತ್ತವೆ. ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ.